ಹಸಿರು ಚುಕ್ಕೆ

ತಮ್ಮವರ ಗಾಜನ್ನು ತಾವು ನೋಡಬಾರದು. ಆ ಪ್ರಯೋಗಾಲಯದಲ್ಲಿ ಎಲ್ಲೂ ಬರೆದಿಡದೆ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ ಅದು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದು ಅಲ್ಲಿನ ಕಸುಬು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿಕೊಂಡು ಬಂದ ಡಾಕ್ಟರಮ್ಮ ಕಟ್ಟಳೆ ಮುರಿದದ್ದು ಒಂದೇ ಸಲ. ಎಂಟು ತಿಂಗಳ ಹಿಂದೆ, ತಮ್ಮನ ಕುತ್ತಿಗೆಯ ಗಂಟಿಗಾಗಿ.

ತಮ್ಮ ಲಿಫ್ಟ್ ರಿಪೇರಿ ಮಾಡುವವನು, ಮನೆಮಂದಿಗೆಲ್ಲ ಗುಂಡ. "ಬೇರೆಯವ್ರ ಕೈಗೆ ಯಾಕೆ ಕೊಡ್ತೀಯ, ನೀನೇ ನೋಡೇ ಅಕ್ಕಾ" ಎಂದು ಗೋಗರೆದಿದ್ದ. ನೋಡಿದಳು. ಸಾದಾ ಊತ ಎಂದು ಬರೆದು ಕಡತ ಮುಚ್ಚಿದಳು. ಅಲ್ಲಿಂದಾಚೆ ಸಂಜೆ ಸಂಜೆ ಜ್ವರ ಬಂದರೂ, ಬೆವರಿಗೆ ಹಾಸಿಗೆ ತೊಯ್ದು ತೊಪ್ಪೆಯಾದರೂ, ಕೆರೆದು ಕೆರೆದು ಮೈಯೆಲ್ಲ ಗೀರು ಬಿದ್ದರೂ ಅವನದು ಒಂದೇ ರಾಗ: "ನಮ್ಮಕ್ಕ ನೋಡಿದಾಳೆ, ಏನೂ ಇಲ್ಲ." ಈಗ ಹೆಸರೊಂದೇ ಗುಂಡಗಿತ್ತು. ಆಸಾಮಿ ಒಣಗಿ ಕಡ್ಡಿಯಾಗಿದ್ದ.

ಹೋದ ವಾರ ಅವನ ಅಂಗಿಯ ಕಾಲರಿನ ಪಕ್ಕ ಅವಳಿಗೆ ಇನ್ನೂ ಮೂರು ಗಂಟು ಕಂಡವು. ಮರುದಿನವೇ ಹಳೆಯ ಮೇಣದ ತುಂಡನ್ನು ಬೀರುವಿನಿಂದ ತೆಗೆಸಿ, ಹೊಸದಾಗಿ ಕೊಯ್ದು ಬೇರೆ ಬಣ್ಣ ಹಾಕಲು ಹೇಳಿದಳು. ಅಲ್ಲಿ ಕೊಯ್ಯುವವನನ್ನು ಎಲ್ಲರೂ ಮೇಣದಣ್ಣ ಎನ್ನುತ್ತಿದ್ದರು. ಅವನು ಮಧ್ಯಾಹ್ನ ಹೊಸ ಗಾಜುಗಳ ತಟ್ಟೆ ತಂದಿಟ್ಟು, ಮುಖ ನೋಡದೆ, "ನಂಬರು ನೋಡ್ದೆ ಮೇಡಂ. ನಾನೇನೂ ಕೇಳಲ್ಲ" ಎಂದು ಹೊರಟುಹೋದ.

ಅವಳು ಕಣ್ಣಿಟ್ಟಳು. ಮೊದಲು ಕಂಡದ್ದು ಅವತ್ತಿನದೇ ಜಾತ್ರೆ: ಸಾವಿರಾರು ಪುಟ್ಟ ನೀಲಿ ಕಣಗಳು, ಮೈಯ ಕಾವಲು ಪಡೆ. ಸೋಂಕು ತಗಲಿದಾಗಲೂ ಅವು ಹೀಗೆಯೇ ಮುತ್ತುತ್ತವೆ. ಆದರೆ ಅವಳಿಗೆ ಈಗ ಅನುಮಾನವಿದ್ದ ರೋಗದಲ್ಲಿ ಕಾವಲಿನವರನ್ನು ಕೂಗಿ ಕರೆಸಿಕೊಳ್ಳುವವನು ಕಳ್ಳನೇ, ಕೆಟ್ಟ ಕೋಶವೇ. ನೂರರಲ್ಲಿ ಒಬ್ಬ, ಉಳಿದವರ ನಡುವೆ ಅಡಗಿ ಕೂತಿರುತ್ತಾನೆ.

ಕೂತಿದ್ದ. ದೊಡ್ಡ ಕೋಶ, ಒಳಗೆ ಜೋಡಿ ಕಣ್ಣು, ಥೇಟ್ ಗೂಬೆ. ಹೊಸ ಬಣ್ಣದಿಂದ ಅದರ ಹೊರಮೈ ಕಂದಾಗಿತ್ತು. ಮೈಯ ಸ್ವಂತ ಕೋಶಗಳು ಕಾವಲಿನವರಿಗೆ ತೋರಿಸುವ ಗುರುತು ಆ ಕಂದು: ನಾನು ನಿಮ್ಮವನು, ಹೊಡೀಬೇಡಿ. ಅದನ್ನೇ ಇದು ಮೈತುಂಬ ಹೊದ್ದುಕೊಂಡಿತ್ತು. ಸುತ್ತ ಕಾವಲಿನವರು ಹೆಗಲಿಗೆ ಹೆಗಲು ತಾಗಿಸಿ ಉಂಗುರ ಕಟ್ಟಿ ನಿಂತಿದ್ದರು. ಒಬ್ಬನೂ ಕೈಯೆತ್ತಿರಲಿಲ್ಲ. ಸಾಲದ್ದಕ್ಕೆ ಅದು ಬೆಳೆಯಲು ಬೇಕಾದದ್ದನ್ನೂ ಅವರೇ ಉಣಿಸುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಗಾಜನ್ನು ಸರಿಸಿದಳು. ಇನ್ನೊಂದು ಉಂಗುರ, ಇನ್ನೊಂದು ಜೋಡಿ ಕಣ್ಣು. ಮತ್ತೆ ಸರಿಸಿದಳು, ಮತ್ತೊಂದು. ಗಾಜಿನ ಮೇಲಿನ ಕೋಶ ಸತ್ತ ಕೋಶ, ನೋಡುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದವಳಿಗೆ, ಅವೆಲ್ಲ ತನ್ನ ಗುರುತು ಹಿಡಿದು ನೋಡುತ್ತಿವೆ ಎನಿಸಿ ಬೆನ್ನು ತಣ್ಣಗಾಯಿತು. ಕಿಟಕಿಯಲ್ಲಿ ಒಳ್ಳೆ ಬಿಸಿಲಿತ್ತು.

ಕೊನೆಗೆ ಎಂಟು ತಿಂಗಳ ಹಿಂದಿನ ಗಾಜನ್ನು ತೆಗೆದಿಟ್ಟಳು. ಅಂಚಿನಲ್ಲಿ ಅದೇ ಗೂಬೆಗಣ್ಣು. ಅದರ ಪಕ್ಕದಲ್ಲಿ ಗಾಜಿನ ಮೇಲೆ ಒಂದು ಹಸಿರು ಚುಕ್ಕೆ.

ಅನುಮಾನ ಬಂದ ಜಾಗಕ್ಕೆ ಚುಕ್ಕೆ ಇಟ್ಟು ಇನ್ನೊಬ್ಬರಿಗೆ ದಾಟಿಸುವುದು ಅಲ್ಲಿನ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಶಾಯಿ. ಹಸಿರು ಅವಳದು, ಬೇರೆ ಯಾರದೂ ಅಲ್ಲ. ಅಂದರೆ ಅವತ್ತು ಕಂಡಿದ್ದಳು. ಕಂಡು, ಚುಕ್ಕೆ ಇಟ್ಟು, ಯಾರಿಗೂ ದಾಟಿಸದೆ, ಅದೇ ಕೈಯಲ್ಲಿ ಸಾದಾ ಊತ ಎಂದು ಬರೆದಿದ್ದಳು. ಎಷ್ಟು ತಿಣುಕಿದರೂ ಚುಕ್ಕೆ ಇಟ್ಟದ್ದು ಅವಳ ನೆನಪಿಗೆ ಬರಲಿಲ್ಲ. ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. ಅವಳಿಗೆ ಆ ಕೈಯ ಭಯವಾಯಿತು.

ಫೋನು ಮಾಡಿ ಕರೆಸಿದ ಗುಂಡ ಸ್ಪ್ಯಾನರು ಸಿಕ್ಕಿಸಿಕೊಂಡ ಬೆಲ್ಟಿನಲ್ಲೇ ಬಂದ. "ಏನೇ ಅಕ್ಕಾ, ಅಷ್ಟು ಅರ್ಜೆಂಟು? ಅಲ್ಲಿ ಲಿಫ್ಟ್ ನಡುಮಹಡೀಲಿ ನೇತಾಡ್ತಿದೆ!"

"ಇಲ್ಲಿ ನೋಡು."

ಅವನು ಒಂದು ಕಣ್ಣು ಮುಚ್ಚಿ ಬಗ್ಗಿದ.

"ಇದು ನನ್ನ ಒಳಗಿಂದಾ?"

"ಹೂಂ. ಕ್ಯಾನ್ಸರ್ ಕಣೋ. ಕಾವಲಿನವ್ರನ್ನ ಎಬ್ಬಿಸೋ ಔಷಧಿ ಇದೆ, ಬೇರೆ ಔಷಧಿನೂ ಇದೆ. ತಡ ಆಗಿದೆ. ನಾಳೆನೇ ಶುರು ಮಾಡಿಸ್ಬೇಕು."

"ಸುತ್ತ ಇರೋವು ಕಾವಲಾ? ಮತ್ತೆ ಯಾಕೆ ಸುಮ್ನೆ ನಿಂತಿವೆ?"

"ನಮ್ಮವನು ಅಂದ್ಕೊಂಡು."

ಅವನು ಕುತ್ತಿಗೆ ಕೆರೆದುಕೊಂಡ. "ಇಲ್ಲೊಂದು ಹಸಿರು ಚುಕ್ಕೆ ಇದೆಯಲ್ಲ, ಯಾರಿಟ್ಟಿದ್ದು?"

"ನಾನೇ. ಅವತ್ತೇ."

ಗುಂಡ ತಲೆಯೆತ್ತಲಿಲ್ಲ. "ನೀನ್ಯಾಕೆ ಸುಮ್ನಿದ್ದೆ ಅಕ್ಕಾ?"

ಅವಳಲ್ಲಿದ್ದದ್ದು ಒಂದೇ ಉತ್ತರ. ಅದನ್ನು ಕಾವಲಿನವರ ಪರವಾಗಿ ಆಗಲೇ ಹೇಳಿಯಾಗಿತ್ತು.