ವಾರಗಿತ್ತಿಯ ಮನೆಯಲ್ಲೊಂದು ನಕಲು

ಫೋನಿನಲ್ಲಿ ಜಾಗ ಇಲ್ಲ ಎಂಬ ಸೂಚನೆ ದಿನ ಬೆಳಗಾದರೆ ಬರತೊಡಗಿತು. ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಮಯ ಕೊಡುವ ಕೆಲಸ ಮಾಡುತ್ತಿದ್ದ ಆಕೆ ಗಂಡನನ್ನು ಕೇಳಿದಳು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವನು, ಹಳೆಯ ಫೋಟೊ ಅಳಿಸಿಬಿಡು, ಯಾರು ನೋಡುತ್ತಾರೆ ಎಂದ. ಅಳಿಸಲು ಕುಳಿತರೆ ಯಾವುದಕ್ಕೂ ಕೈ ಬರಲಿಲ್ಲ.

ಆಸ್ಪತ್ರೆಯ ಕಂಪ್ಯೂಟರ್ ರಿಪೇರಿಯವನು ಫೋಟೊಗಳನ್ನೆಲ್ಲ ಕೂಡಿಡಲು ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳಿ, ಹಳೆಯ ಕಂಪ್ಯೂಟರ್ ಇದ್ದರೂ ಸಾಕು ಎಂದು ಸಲಹೆ ಕೊಟ್ಟ. ಏನೂ ಗೊತ್ತಿಲ್ಲದವರಿಗೆಂದೇ ಈಗ ಸಾಫ್ಟ್‌ವೇರ್ ಬಂದಿದೆಯಂತೆ. "ಮಿಕ್ಸಿ ಓಡಿಸೋಕೆ ಬಂದ್ರೆ ಇದೂ ಬರುತ್ತೆ, ಮೇಡಂ," ಎಂದು ಧೈರ್ಯ ತುಂಬಿದ.

ರಜೆಯ ದಿನ ಆಕೆ, ಮಗಳು ಬಿಟ್ಟುಹೋಗಿದ್ದ, ಕೀಲು ಮುರಿದ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿದಳು. ಸಾಫ್ಟ್‌ವೇರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಚುಚ್ಚಿದಾಗ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಅದು ಕೇಳಿತು. ಮಗಳಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೂಂ ಎಂದಳು. ಲ್ಯಾಪ್‌ಟಾಪನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ, ಇಂಟರ್ನೆಟ್ ಡಬ್ಬಿಯ ಪಕ್ಕಕ್ಕಿಟ್ಟು ವೈರು ಸಿಕ್ಕಿಸಿದಳು. ಎಷ್ಟು ಹೊತ್ತಾದರೂ ಫೋನಿನಲ್ಲಿ ಅದರ ಪುಟ ತೆರೆಯಲಿಲ್ಲ. ಕೊನೆಗೆ ನೋಡಿದರೆ ವೈರು ತಪ್ಪು ತೂತಿನಲ್ಲಿತ್ತು. ಸರಿಪಡಿಸಿದ ಮೇಲೆ ಎಲ್ಲವೂ ಹೂವೆತ್ತಿದಷ್ಟು ಸಲೀಸು. ಫೋನಿಗೆ ಆ್ಯಪ್ ಹಾಕಿಕೊಂಡ ಹಾಗೆ ಒಂದು ಗುಂಡಿ ಒತ್ತಿದಳು, ಫೋಟೊಗಳು ತಾವಾಗಿಯೇ ಒಂದೊಂದಾಗಿ ಅತ್ತ ಹೋಗತೊಡಗಿದವು.

ಆದರೆ ರಿಪೇರಿಯವನು ಇನ್ನೊಂದು ಮಾತು ಹೇಳಿದ. ಫೋಟೊಗಳು ಕೂತಿರುವ ಡಿಸ್ಕ್ ಎಂದಾದರೂ ಕೈಕೊಡುವುದೇ. ಬೇರೆ ಮನೆಯಲ್ಲಿ ಒಂದು ನಕಲು ಇರಬೇಕು.

"ತಮ್ಮನ ಮನೆ ಇದೆಯಲ್ಲ," ಎಂದ ಗಂಡ.

ತಮ್ಮನ ಮನೆ ಎಂದರೆ ವಾರಗಿತ್ತಿಯ ಮನೆ. ಆಕೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ನೆಂಟರೊಬ್ಬರ ಮದುವೆಗೆ ಅವಳು ಮಾಡಿದ ಕೇಕು ಒಣಗಿದೆ ಎಂದು ಈಕೆ ನಾಲ್ಕು ಜನರೆದುರು ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರ ನಡುವೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿರಲಿಲ್ಲ.

ಬೇರೆ ದಾರಿ ಕಾಣದೆ, ನಕಲಿಗೆಂದು ರಿಪೇರಿಯವನಿಂದ ಕೊಂಡ ಒಂದು ಸಣ್ಣ ಪೆಟ್ಟಿಗೆಯಂಥ ಕಂಪ್ಯೂಟರ್ ಹಿಡಿದು ಹೋದಳು. ಮೈದಾ ಮೆತ್ತಿದ ಕೈಯಲ್ಲೇ ಬಾಗಿಲು ತೆರೆದ ವಾರಗಿತ್ತಿ ಎಲ್ಲ ಕೇಳಿಸಿಕೊಂಡು, ಒಳಗಿರುವುದನ್ನು ತಾನು ನೋಡಬಹುದೇ ಎಂದಳು. ಆಗುವುದಿಲ್ಲ, ಅದಕ್ಕೆ ಪಾಸ್‌ವರ್ಡಿನ ಬೀಗ ಹಾಕಿರುತ್ತದೆ ಎಂದು ಈಕೆ ಹೇಳಬೇಕಾಯಿತು.

"ಜಾಗ ನಂದು, ಕರೆಂಟು ನಂದು. ಬೀಗದ ಕೈ ಮಾತ್ರ ನಿಮ್ದು. ಅಲ್ವಾ ಅಕ್ಕ?"

ಹಾಗೆಂದರೂ ವಾರಗಿತ್ತಿ ಅಡುಗೆಮನೆಯ ಕಟ್ಟೆಯ ತುದಿಯಲ್ಲಿದ್ದ ಡಬ್ಬಿಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು.

ಕೆಲವು ವಾರ ಎಲ್ಲ ಸರಿಯಾಗಿತ್ತು. ಒಂದು ಬೆಳಿಗ್ಗೆ ಫೋನಿನಲ್ಲಿ ಕೆಂಪು ಗುರುತು ಕಂಡಿತು: ಆ ಮನೆಯ ಪೆಟ್ಟಿಗೆ ಸಿಗುತ್ತಿಲ್ಲ. ಮರುದಿನವೂ ಅದೇ. ಅಲ್ಲಿ ಕರೆಂಟು ಹೋಗಿರಬೇಕು ಎಂದ ಗಂಡ. ಅವಳ ಬುದ್ಧಿ ನನಗೆ ಗೊತ್ತಿಲ್ಲವೇ, ಬೇಕೆಂದೇ ಕಿತ್ತಿಟ್ಟಿದ್ದಾಳೆ ಎಂದು ಈಕೆ ಹೊರಟೇಬಿಟ್ಟಳು. ಆಡಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಳು.

ವಾರಗಿತ್ತಿಯ ಮುಖ ಬಾಡಿಹೋಗಿತ್ತು. ಊಟದ ಮೇಜಿನ ಮೇಲೆ, ಟವೆಲ್ಲಿನಲ್ಲಿ, ಪೆಟ್ಟಿಗೆ ಮಗುಚಿಕೊಂಡು ಬಿದ್ದಿತ್ತು. ಸಕ್ಕರೆ ಪಾಕದ ಪಾತ್ರೆ ಕೈಜಾರಿ ಅದರ ಮೇಲೆ ಚೆಲ್ಲಿತಂತೆ.

"ಫೋನ್ ಮಾಡ್ಬೇಕು ಅಂತ ಕೈಗೆ ತಗೊಂಡು ತಗೊಂಡು ಇಡ್ತಿದೀನಿ," ಎಂದಳು. "ಹೇಳಿದ್ರೆ, ಬೇಕಂತ್ಲೇ ಮಾಡಿದ್ಲು ಅಂದ್ಕೊಳ್ತೀರ."

"ಹಾಗೆ ಅಂದ್ಕೊಂಡೇ ಬಂದಿದೀನಿ," ಎಂದಳು ಈಕೆ.

ಆಮೇಲೆ ಈಕೆ ಕುರ್ಚಿ ಎಳೆದುಕೊಂಡು ಕುಳಿತು, ಏನೂ ಹೋಗಿಲ್ಲ, ಅಸಲೆಲ್ಲ ನನ್ನ ಮನೆಯಲ್ಲಿದೆ, ಇದು ಬರೀ ನಕಲು ಎಂದು ಬಿಡಿಸಿ ಹೇಳಿದಳು.

"ಮೊದಲೇ ಹೇಳ್ಬಾರ್ದಿತ್ತಾ? ನನಗೆ ಊಟ ಸೇರ್ತಿಲ್ಲ, ಅಕ್ಕ."

ಅವಳ ಕಣ್ಣು ಒದ್ದೆಯಾಗಿದ್ದನ್ನು ಕಂಡು ಈಕೆಗೆ ಬಸ್ಸಿನಲ್ಲಿ ಜೋಡಿಸಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

"ಅವತ್ತು ಮದುವೇಲಿ ನಾನು ಹಾಗೆ ಅನ್ನಬಾರದಿತ್ತು."

"ಕೇಕು ಒಣಗಿತ್ತು, ಅಕ್ಕ. ಓವನ್ ಕೈಕೊಟ್ಟಿತ್ತು, ನನಗೂ ಗೊತ್ತಿತ್ತು. ಎಲ್ಲರ ಮುಂದೆ ಅಂದ್ರಲ್ಲ, ಅದಕ್ಕೆ ನೋವಾಯ್ತು."

ಪೆಟ್ಟಿಗೆಯನ್ನು ರಿಪೇರಿಯವನಿಗೆ ತೋರಿಸಿದ್ದಾಯಿತು. ಪೆಟ್ಟಿಗೆ ಸತ್ತಿದೆ, ಡಿಸ್ಕ್ ಬದುಕಿದೆ ಎಂದ. ವಾರಗಿತ್ತಿ ತಾನು ಮಾಡಿದ ಕೇಕುಗಳ ಫೋಟೊಗಳಿಗೂ ಇಂಥದ್ದೊಂದು ಬೇಕು ಎಂದಳು. ಹಾಗಾಗಿ ಮುಂದಿನ ರಜೆಯಲ್ಲಿ ಅವಳ ಮನೆಗೂ ಒಂದು ಸರ್ವರ್ ಬಂತು. ಒಬ್ಬರ ನಕಲು ಇನ್ನೊಬ್ಬರ ಮನೆಯಲ್ಲಿರಲಿ ಎಂದು ತೀರ್ಮಾನವಾಯಿತು. ಈ ಸಲ ಗುಂಡಿ ಒತ್ತಿದ್ದೆಲ್ಲ ವಾರಗಿತ್ತಿಯೇ. ಈಕೆ ಪಕ್ಕದಲ್ಲಿ ಕುಳಿತು, ಅವಸರ ಮಾಡಬೇಡ, ಪೂರ್ತಿ ಓದು ಎನ್ನುತ್ತಿದ್ದಳು.

ಅಣ್ಣತಮ್ಮಂದಿರು ಹೊರಗಿನ ಕೋಣೆಯಲ್ಲಿ ಟೀವಿಯ ದನಿ ತಗ್ಗಿಸಿ ಕುಳಿತಿದ್ದರು. ಒಳಗೆ ಮಾತು ನಡೆಯುತ್ತಿದ್ದಷ್ಟು ಹೊತ್ತೂ ಅದೆಲ್ಲಿ ನಿಂತುಬಿಡುತ್ತದೋ ಎಂದು ಇಬ್ಬರೂ ಕುಳಿತಲ್ಲಿಂದ ಏಳಲಿಲ್ಲ.