ಈ ನಂಬರು ಯಾರದು?

"ಅಕ್ಕಾ, ಇವತ್ತೂ ಮೇಲ್ ವಾಪಸ್ ಬಂತು. ನಿಮ್ಮ ಕಡೆಯಿಂದ ಏನಾದ್ರೂ ಆಯ್ತಾ?"

ಫೋನಿನಲ್ಲಿ ಓರಗಿತ್ತಿಯ ದನಿ ಕೇಳುತ್ತಲೇ ಹಿರಿಯವಳು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಏನೂ ಆಗಿರಲಿಲ್ಲ. ಆಗದಂತೆ ನೋಡಿಕೊಂಡವಳೂ ಅವಳೇ.

"ನೋಡ್ತಾ ಇದ್ದೀನಿ ಕಣೇ. ನಮ್ಮಲ್ಲಿ ಎಲ್ಲಕ್ಕೂ ಒಂದು ಪದ್ಧತಿ ಇರತ್ತೆ."

ಇಂಟರ್ನೆಟ್ ಒದಗಿಸುವ ಕಂಪನಿಯೊಂದರಲ್ಲಿ, ಕಂಪ್ಯೂಟರುಗಳನ್ನು ಗುರುತಿಸುವ ನಂಬರು-ವಿಳಾಸಗಳ ಉಸ್ತುವಾರಿ ಅವಳದು. ಇನ್ನೂರೈವತ್ತಾರು ನಂಬರುಗಳ ಒಂದು ಕಟ್ಟನ್ನು ಹೋಳು ಮಾಡಿ, ಅದರಲ್ಲಿ ಮೂವತ್ತೆರಡನ್ನು ಕಣ್ಣಿನ ಆಸ್ಪತ್ರೆಯೊಂದಕ್ಕೆ ಕೊಟ್ಟಿದ್ದರು. ಆ ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಮೈದುನನ ಹೆಂಡತಿ ಹೊಸದಾಗಿ ಸೇರಿದ್ದಳು. ಆಸ್ಪತ್ರೆಯಿಂದ ಒಂದು ಮೇಲ್ ಹೊರಟರೆ, ಅದನ್ನು ಪಡೆಯುವ ಕಡೆಯವರು ಮೊದಲು ವಿಚಾರಿಸುತ್ತಾರೆ: ಈ ನಂಬರು ಯಾರದು? ಆ ಪ್ರಶ್ನೆ ಬಂದು ನಿಲ್ಲುವುದು ಹಿರಿಯವಳ ಸರ್ವರಿನ ಬಾಗಿಲಲ್ಲಿ. ಅದು ಗೊತ್ತಿಲ್ಲ ಎನ್ನುತ್ತಿತ್ತು. ಹೆಸರಿಲ್ಲದವರ ಪತ್ರವನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

"ನಿಮ್ಮ ಮಷಿನ್‌ಗಳ ಹೆಸರುಗಳನ್ನ ಕಳಿಸು, ನಾನೇ ಹಾಕ್ತೀನಿ ಅಂದೆನಲ್ಲ."

"ಬೇಡ ಅಕ್ಕ. ಇಲ್ಲಿ ಯಾವಾಗ ನೋಡಿದ್ರೂ ಒಂದಿಲ್ಲೊಂದು ಮಷಿನ್ ಬದಲಾಗ್ತಾನೇ ಇರತ್ತೆ. ಪ್ರತಿಸಲ ನಿಮ್ಮ ತಲೆ ಯಾಕೆ ತಿನ್ನಲಿ? ನಮ್ಮ ಮೂವತ್ತೆರಡನ್ನ ನಮ್ಮ ಸರ್ವರಿಗೇ ವಹಿಸಿಬಿಡಿ. ಇಡೀ ಕಟ್ಟು ಕೊಡೋಕಾಗಲ್ಲ, ನಿಜ. ಆದ್ರೆ ಒಂದೊಂದು ನಂಬರಿನ ಮುಂದೂ 'ಆಸ್ಪತ್ರೆಯವರನ್ನ ಕೇಳಿ' ಅಂತ ಒಂದು ಸಾಲು ಬರೆದ್ರೆ ಆಯ್ತಂತೆ."

ಆಯ್ತಂತೆ! ಈ ವಿದ್ಯೆಯ ಅ ಆ ಇ ಈ ಹೇಳಿಕೊಟ್ಟವಳು ಯಾರು? ಊಟದ ಮೇಜಿನ ಮೇಲೆ, ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ನಂಬರಿನ ಕಟ್ಟನ್ನು ಹೋಳು ಮಾಡುವುದು ಹೇಗೆಂದು ಕಲಿಸಿದವಳು ಯಾರು? ಈಗ ಅತ್ತೆಯ ಫೋನ್ ಕೆಟ್ಟರೆ, ಹಿರಿಯವಳು ಎದುರಿಗೇ ಕೂತಿದ್ದರೂ, "ಚಿಕ್ಕೋಳು ಬರಲಿ ಬಿಡು, ಅವಳ ಕೈ ಚುರುಕು" ಎನ್ನುತ್ತಾರೆ. ಗಂಡನೂ ಒಮ್ಮೆ, "ಅವಳನ್ನ ಕೇಳಿ ನೋಡು" ಎಂದಿದ್ದ. ಅಂದಿನಿಂದ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಆರಿರಲಿಲ್ಲ. ಹೆಸರುಗಳು ತನ್ನ ಕೈಯಲ್ಲಿದ್ದರೆ ಕಿರಿಯವಳು ಪ್ರತಿಸಲವೂ ಬಂದು ಕೇಳಬೇಕು. ಅಷ್ಟಾದರೂ ಇರಲಿ.

"ನೋಡೋಣ," ಎಂದು ಫೋನ್ ಇಟ್ಟಳು.

ಆ ಸಂಜೆ ಕಿರಿಯವಳು ಊಟಕ್ಕೆ ಕೂತಳೇ ಹೊರತು ತುತ್ತು ಎತ್ತಲಿಲ್ಲ.

"ಯಾಕಮ್ಮಾ, ಮುಖ ಬಾಡಿದೆ?" ಅತ್ತೆ ಕೇಳಿದರು.

ಉತ್ತರಿಸಿದವನು ಮೈದುನ. "ಆಪರೇಷನ್ ಮುಂದಕ್ಕೆ ಹಾಕಿದೀವಿ ಅಂತ ಕಳಿಸಿದ ಮೇಲ್ ತಲುಪಿಲ್ಲ. ಒಬ್ಬರು ಅಜ್ಜಿ ಬೆಳಗ್ಗೆಯಿಂದ ಖಾಲಿ ಹೊಟ್ಟೇಲಿ ಬಂದು ಕೂತು, ಮಧ್ಯಾಹ್ನ ವಾಪಸ್ ಹೋದ್ರಂತೆ. ದೊಡ್ಡ ಡಾಕ್ಟರು ಎಲ್ಲರೆದುರಿಗೇ ಇವಳ ನೀರಿಳಿಸಿದ್ದಾರೆ."

ಬಡಿಸುತ್ತಿದ್ದ ಹಿರಿಯವಳು ಸೌಟನ್ನು ಪಾತ್ರೆಗೆ ಇಳಿಸಿದಳು.

"ಲೈನು ದೊಡ್ಡೋಳ ಆಫೀಸಿನದೇ ಅಲ್ವಾ? ಕೇಳಬಾರದಾ?" ಅತ್ತೆ ಹಿರಿಯವಳ ಕಡೆ ನೋಡಿದರು.

"ಅಕ್ಕ ಏನ್ಮಾಡ್ತಾರೆ ಅತ್ತೆ?" ಕಿರಿಯವಳು ತಲೆಯೆತ್ತದೆ ಹೇಳಿದಳು. "ಅವರಲ್ಲಿ ನಿಯಮ ಇದೆ. ಪಾಪ, ಅವರೂ ಓಡಾಡ್ತಾನೇ ಇದ್ದಾರೆ."

ಗೊತ್ತಿದ್ದು ಹೇಳಿದಳೋ, ಗೊತ್ತಿಲ್ಲದೆಯೋ. ದೂರಿದ್ದರೆ ಹಿರಿಯವಳು ಒಂದಕ್ಕೆರಡು ಮಾತಾಡಿ ಗೆಲ್ಲುತ್ತಿದ್ದಳು. ಇದಕ್ಕೇನು ಹೇಳುವುದು? ಒಳ್ಳೆಯತನದಲ್ಲೂ ತನ್ನನ್ನು ದಾಟಿ ಹೋಗಿಬಿಟ್ಟಳಲ್ಲ! ಅಜ್ಜಿಯ ಹಸಿವಿಗಿಂತ ಆ 'ಪಾಪ' ಎಂಬ ಮಾತೇ ಹೆಚ್ಚು ಚುಚ್ಚಿತೆಂದು ಅರಿವಾದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮರುದಿನ ಆಫೀಸಿಗೆ ಹೋದವಳೇ ಬ್ಯಾಗನ್ನೂ ಕೆಳಗಿಡದೆ ಕೆಲಸಕ್ಕೆ ಕೂತಳು. ಒಂದೊಂದು ನಂಬರಿನ ಮುಂದೂ ಸಾಲು ಬರೆದಳು: ಇದನ್ನು ಆಸ್ಪತ್ರೆಯವರನ್ನು ಕೇಳಿ, ಇದನ್ನೂ ಅವರನ್ನೇ ಕೇಳಿ. ಕಾಫಿ ತಣ್ಣಗಾಗುವಷ್ಟರಲ್ಲಿ ಮುಗಿದುಹೋದ ಕೆಲಸ. 'ಆಗಿದೆ, ನೋಡು' ಎಂದು ಕಿರಿಯವಳಿಗೆ ಸಂದೇಶ ಕಳಿಸಿ, ತಾನೂ ಪರೀಕ್ಷಿಸತೊಡಗಿದಳು. ಉತ್ತರಗಳು ಈಗ ಅವಳ ಸರ್ವರಿನಿಂದಲ್ಲ, ಆಸ್ಪತ್ರೆಯ ಸರ್ವರಿನಿಂದ ಬರುತ್ತಿದ್ದವು.

ಮೇಲ್ ಕಳಿಸುವ ಮಷಿನ್ನಿನ ನಂಬರು ಯಾರದೆಂದು ಕೇಳಿದಾಗ ಅವಳ ಕಣ್ಣರಳಿತು. ಕಿರಿಯವಳು ಹೆಸರಿನ ಕೊನೆಯ ಚುಕ್ಕೆ ಬಿಟ್ಟಿದ್ದಳು. ಚುಕ್ಕೆಯಿಲ್ಲದಿದ್ದರೆ ಹೆಸರು ಮುಗಿದಿಲ್ಲವೆಂದುಕೊಂಡು ಸರ್ವರು ಆ ನಂಬರಿನ ಇಡೀ ವಂಶಾವಳಿಯನ್ನೇ ಅದಕ್ಕೆ ಬಾಲವಾಗಿ ಅಂಟಿಸುತ್ತದೆ. ಹಾಗೇ ಅಂಟಿಸಿತ್ತು. ಎಷ್ಟೋ ದಿನಗಳಿಂದ ಕಾಣದ ಹಗುರ ಅವಳ ಮೈಯಲ್ಲಿ ಓಡಾಡಿತು. ಫೋನ್ ಎತ್ತಿಕೊಂಡಳು. 'ಅಯ್ಯೋ ಹುಡುಗಿ, ಮೊದಲ ಪಾಠವೇ ಮರೆತೆಯಲ್ಲೇ' ಎನ್ನಬೇಕು, ನಗುತ್ತಲೇ ಎನ್ನಬೇಕು. ಅದಕ್ಕೆ ಮೊದಲು ಖಚಿತವಿರಲೆಂದು ಆಸ್ಪತ್ರೆಯ ಸರ್ವರನ್ನೇ ನೇರವಾಗಿ ಇನ್ನೊಮ್ಮೆ ಕೇಳಿದಳು.

ಅಷ್ಟರಲ್ಲಾಗಲೇ ಹೆಸರು ಸರಿಯಾಗಿತ್ತು. ಬಾಲವಿರಲಿಲ್ಲ.

ಕೈಯಲ್ಲಿದ್ದ ಫೋನ್ ರಿಂಗಾಯಿತು.

"ಅಕ್ಕಾ, ಮೇಲ್ ಹೋಯ್ತು! ಒಂದು ಚುಕ್ಕೆ ಬಿಟ್ಟುಬಿಟ್ಟಿದ್ದೆ. ನೀವು ನೋಡ್ಲಿಲ್ಲ ತಾನೇ?"

"ಇಲ್ಲಪ್ಪ," ಎಂದಳು ಹಿರಿಯವಳು.

"ಸದ್ಯ! ನೋಡಿದ್ರೆ ನನ್ನ ಮಾನ..." ಆ ಕಡೆ ಯಾರೋ, "ಮೇಡಂ, ಡಾಕ್ಟರು ಕರೀತಿದ್ದಾರೆ," ಎಂದರು. "ಬಂದೆ," ಎಂದ ಕಿರಿಯವಳು ಫೋನನ್ನು ಕಟ್ ಮಾಡದೆ ಮೇಜಿನ ಮೇಲಿಟ್ಟು ಹೋದಳು.

ಹಿರಿಯವಳೂ ಕಟ್ ಮಾಡಲಿಲ್ಲ. ಕುರ್ಚಿ ಹಿಂದಕ್ಕೆ ಸರಿಯಿತು. ಬಾಗಿಲೊಂದು ತೆರೆಯಿತು. ಯಾರೋ ಏನೋ ಅಂದರು, ನಾಲ್ಕಾರು ಜನ ಒಟ್ಟಿಗೆ ನಕ್ಕರು, ಆ ನಗುವಿನಲ್ಲಿ ಒಂದು ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ತನ್ನ ಹೆಸರೂ ಬರುತ್ತದೇನೋ ಎಂದು ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಕೂತಳು.