ಎಡಮೂಲೆಯ ಗುಳ್ಳೆ

ಮತ್ತೆ ಅದೇ ಎಡಮೂಲೆ, ಅದೇ ಜಾಗ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ — ಇರಲಿಕ್ಕಿಲ್ಲ, ನೀರು ಇನ್ನೂ ಅಲುಗುತ್ತಿದೆ, ರೇಡಿಯೇಟರನ್ನು ತೊಟ್ಟಿಯಲ್ಲಿ ಮುಳುಗಿಸಿ ಅರ್ಧ ನಿಮಿಷವೂ ಆಗಿಲ್ಲ, ಸಂದಿಗಳಲ್ಲಿ ಸಿಕ್ಕಿಕೊಂಡ ಗಾಳಿ ಹೀಗೆ ಹೊರಗೆ ಬರುವುದುಂಟು, ಅತ್ತೆಯೇ ಹೇಳಿಕೊಟ್ಟದ್ದು, ಮೊದಮೊದಲು ಬರೋ ಗುಳ್ಳೆಗಳನ್ನ ಲೆಕ್ಕಕ್ಕೆ ಹಿಡೀಬೇಡ ಕಣೇ, ಅವು ದಾರಿ ತಪ್ಪಿ ಬಂದ ನೆಂಟರು, ತಾವಾಗೇ ಹೋಗ್ತವೆ, ನೀರು ನಿಲ್ಲಲಿ, ಆಮೇಲೆ ಬಗ್ಗಿ ನೋಡು. ಸೊಸೆ ಬಗ್ಗಿದ್ದಾಳೆ. ಸೊಂಟ ಹಿಡಿದಿದೆ. ತೊಟ್ಟಿಯ ಒಳಗೆಲ್ಲ ಬಿಳಿ ಬಣ್ಣ, ಗುಳ್ಳೆ ಕಾಣಲೆಂದೇ ಬಳಿದದ್ದು, ಈಗ ಅಲ್ಲಲ್ಲಿ ಎದ್ದು ಹೋಗಿ ಗುಳ್ಳೆ ಯಾವುದು ಕಲೆ ಯಾವುದು ಎನ್ನುವಂತಾಗಿದೆ, ಆದರೆ ಕಲೆ ಮೇಲಕ್ಕೇಳುವುದಿಲ್ಲ. ತೊಟ್ಟಿಯ ಆ ಬದಿಯಲ್ಲಿ ಮಾವ, ಬಲಗಾಲು ರೇಡಿಯೇಟರಿಗೆ ಗಾಳಿ ತುಂಬುವ ಪಂಪಿನ ಮೇಲೆ, ಒತ್ತಿದಾಗೊಮ್ಮೆ ಪಂಪು ಉಸ್ ಎನ್ನುತ್ತದೆ, ಮಾವನೂ ಉಸ್ ಎನ್ನುತ್ತಾರೆ, ಕಣ್ಣು ಮಾತ್ರ ನೀರಿನ ಮೇಲಿಲ್ಲ, ಅವಳ ಮುಖದ ಮೇಲಿದೆ. ಏನಮ್ಮಾ, ನೀರು ಸುಮ್ಮನಿದ್ಯಾ? ಇರಿ ಮಾವ, ಇನ್ನೂ ನಿಂತಿಲ್ಲ. ಈ ಶೆಡ್ಡಿನಲ್ಲಿ ನಲವತ್ತೊಂದು ವರ್ಷದಿಂದ ಒಂದೇ ಕಟ್ಟಳೆ, ಬೆಸುಗೆ ಹಾಕಿದವನು ತೊಟ್ಟಿಗೆ ಬಗ್ಗುವಂತಿಲ್ಲ, ಬೇರೆ ಎರಡು ಕಣ್ಣು ಬೇಕು, ಆ ಕಣ್ಣಿನವರು ಗುಳ್ಳೆಯಿಲ್ಲ, ನೀರು ಸುಮ್ಮನಿದೆ ಎಂದ ಮೇಲೆ ಮಾವ ರೇಡಿಯೇಟರಿನ ನೆತ್ತಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ, ಗೀಟು ಬಿತ್ತೆಂದರೆ ಮುಗಿಯಿತು, ದೇವರೇ ಬಂದು ಹೇಳಿದರೂ ಆ ಬೆಸುಗೆಯನ್ನು ಮತ್ತೆ ಮುಟ್ಟುವುದಿಲ್ಲ. ಮೊದಲು ಆ ಕಣ್ಣು ಅತ್ತೆಯದು. ಅತ್ತೆ ತೀರಿಕೊಂಡ ಮೇಲೆ ಇವಳದು. ಮೂರು ವಾರದ ಹಿಂದೆ ಇದೇ ರೇಡಿಯೇಟರು, ಇವಳೇ ಓಡಿಸುವ ಶಾಲಾ ವ್ಯಾನಿನದು, ಇದೇ ಎಡಮೂಲೆ, ಅಂದೂ ಬಗ್ಗಿದ್ದಳು, ನೀರು ನಿಂತಿತ್ತು, ನೆಂಟರೆಲ್ಲ ಹೊರಟುಹೋಗಿದ್ದರು, ಒಂದು ಮಾತ್ರ ಹೋಗಲಿಲ್ಲ, ಬರುತ್ತಲೇ ಇತ್ತು, ಉಸಿರು ಬಿಗಿಹಿಡಿದು ನೋಡಿದಳು, ಮಾವನ ಅಂಗಿ ಬೆನ್ನಿಗಂಟಿತ್ತು, ಬೆಳಗಿನಿಂದ ನಿಂತೇ ಇದ್ದರು, ಇವಳಿಗೆ ಏನಾಯಿತೋ, ನೀರು ಸುಮ್ಮನಿದೆ ಮಾವ ಎಂದುಬಿಟ್ಟಳು. ಅಷ್ಟು ಸಣ್ಣದು. ಸಾಸಿವೆಯಷ್ಟು. ಮಾವ ಗೀಟು ಎಳೆದರು, ಕೈ ನಡುಗಿ ಅದು ಹಾವು ಹರಿದ ಹಾಗೆ ಹೋಯಿತು, ಆದರೂ ನಕ್ಕರು, ಹಲ್ಲಿನ ಸೆಟ್ಟು ಕಾಣುವಷ್ಟು ನಕ್ಕರು, ನೋಡ್ದ್ಯಾ, ಈ ಕೈ ಇನ್ನೂ ನಿವೃತ್ತಿ ಆಗಿಲ್ಲ.

ನಿನ್ನೆ ಅಲ್ಲವೇ ಅದು, ಆಸ್ಪತ್ರೆ ದಾಟಿದ ಮೇಲಿನ ಉದ್ದ ಏರು, ವ್ಯಾನಿನ ತುಂಬ ಹದಿನಾಲ್ಕು ಮಕ್ಕಳು, ಬೆನ್ನ ಹಿಂದಿನ ಸೀಟಿನಿಂದ ಮಗಳು ಅಮ್ಮಾ ಸೂಜಿ ಕೆಂಪಿಗೆ ಹೋಗ್ತಿದೆ ಎಂದಳು, ಇಂಜಿನ್ನಿನ ಬಿಸಿ ತೋರುವ ಆ ಸೂಜಿಯನ್ನು ಇವಳೂ ಆಗಲೇ ನೋಡಿದ್ದಳು, ನೋಡಿಯೂ ಇನ್ನೊಂದು ತಿರುವು, ಇನ್ನೊಂದು ತಿರುವು ಎಂದುಕೊಂಡಿದ್ದಳು, ಬಾನೆಟ್ಟಿನ ಸಂದಿಯಿಂದ ಹೊಗೆಯಂಥದು ಎದ್ದಾಗಲೇ ಬದಿಗೆ ಹಾಕಿದ್ದು. ಎಲ್ಲರೂ ಇಳೀರಿ, ಗೋಡೆ ಹತ್ತಿರ ಹೋಗಿ, ಒಬ್ಬರ ಕೈ ಒಬ್ಬರು ಹಿಡ್ಕೊಳಿ. ವ್ಯಾನಿಗೆ ಜ್ವರಾನಾ ಆಂಟಿ? — ಮುಂದಿನ ಹಲ್ಲು ಬಿದ್ದವಳು, ಬೊಚ್ಚುಬಾಯಿ ಎಂದು ಎಲ್ಲರೂ ರೇಗಿಸುವವಳು, ನೆಟ್ಟಗೆ ಬಾನೆಟ್ಟಿನ ಹತ್ತಿರ ಬಂದು ನಿಂತಳು, ಹೂಂ ಕಂದ, ಜ್ವರ, ನೀನು ಗೋಡೆ ಹತ್ತಿರ ಹೋಗು. ಮಾತ್ರೆ ಕೊಡ್ತೀರಾ? ಕೊಡ್ತೀನಿ, ಹೋಗು. ಹೋದಳು. ಬಿಸಿಯಿದ್ದಾಗ ಮುಚ್ಚಳಕ್ಕೆ ಕೈ ಹಾಕಬಾರದೆಂದು ಇವಳಿಗೆ ಗೊತ್ತಿಲ್ಲವೇ, ರೇಡಿಯೇಟರಿನ ಮನೆಗೆ ಸೊಸೆಯಾಗಿ ಬಂದವಳಿಗೆ, ಆದರೆ ಶಾಲೆಯ ಗಂಟೆಗೆ ಎಂಟು ನಿಮಿಷ, ಸೆರಗು ಸುತ್ತಿ ಕಾಲು ಸುತ್ತು ತಿರುಗಿಸಿದಳಷ್ಟೇ, ಬುಸ್ಸೆಂದು ಚಿಮ್ಮಿತು, ಕೂಲೆಂಟ್ ಬೆರೆತ ಕುದಿಯುವ ಹಸಿರು ನೀರು, ಇವಳ ಮಣಿಕಟ್ಟಿನ ಮೇಲೆ ಒಂದಿಷ್ಟು, ಮಿಕ್ಕಿದ್ದೆಲ್ಲ ಬೊಚ್ಚುಬಾಯಿ ಒಂದು ಗಳಿಗೆ ಮುಂಚೆ ನಿಂತಿದ್ದ ಜಾಗದ ಮೇಲೆ. ಆ ಜಾಗದಲ್ಲಿ ಧೂಳಿನ ಮೇಲೆ ಅವಳ ಎರಡು ಪುಟ್ಟ ಬೂಟಿನ ಗುರುತಿತ್ತು. ಗುರುತಿನ ಒಳಗೆ ಹಬೆಯಾಡುತ್ತಿತ್ತು. ಕೈಗೇನಾಯ್ತಮ್ಮಾ, ಮನೆಗೆ ಬಂದ ಮೇಲೆ ಮಾವ ಕೇಳಿದ್ದರು, ಒಲೆ ತಾಗ್ತು ಮಾವ. ವ್ಯಾನು? ಸ್ವಲ್ಪ ಬಿಸಿಯಾಯ್ತು. ಸ್ವಲ್ಪ! ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಅದಕ್ಕೂ ಮುಂಚೆ ರಸ್ತೆಬದಿಗೇ ಮೆಕ್ಯಾನಿಕ್ ಬಂದು ಬಗ್ಗಿ ನೋಡಿ ತಲೆ ಕೊಡವಿದ್ದ, ಅಕ್ಕ, ಇದು ರೇಡಿಯೇಟರಲ್ಲ, ಜರಡಿ, ನಿಮ್ಮ ಮಾವನ ಕೈಗೆ ನಾನೂ ಕೈ ಮುಗೀತೀನಿ, ಆದ್ರೆ ಬೆಸುಗೆ ಮೇಲೆ ಬೆಸುಗೆ, ಅದ್ರ ಮೇಲೆ ಬೆಸುಗೆ, ತಾಮ್ರ ಎಲ್ಲಿದೆ ತೋರ್ಸಿ ನೋಡೋಣ, ನನ್ನ ಹತ್ರ ಹೊಸದೊಂದಿದೆ, ನಾಳೆ ಸಂಜೆ ಆರರ ತನಕ ಇಟ್ಟಿರ್ತೀನಿ, ಒಂದು ಫೋನ್ ಮಾಡಿ, ಬಂದು ಒಂದು ಗಂಟೇಲಿ ಕೂರಿಸಿ ಹೋಗ್ತೀನಿ, ಆರಾದ್ರೆ ಬೇರೆಯವರು ಕಾಯ್ತಿದ್ದಾರೆ. ಆ ನಾಳೆ ಎಂದರೆ ಇವತ್ತು. ಗೋಡೆಯ ಗಡಿಯಾರದಲ್ಲಿ ಐದೂಕಾಲು. ರಜೆಯ ದಿನ ಹೇಗೆ ಜಾರಿತೋ, ಬೆಳಗಾದರೆ ಏಳೂವರೆಗೆ ಮತ್ತೆ ಹದಿನಾಲ್ಕು ಮನೆಯ ಬಾಗಿಲು. ದೂರದಲ್ಲಿ ಸೇತುವೆ ಕೆಲಸದಲ್ಲಿರುವ ಗಂಡನಿಗೂ ಫೋನಾಯಿತು, ಹೊಸದೇ ಹಾಕ್ಸು, ಅದ್ರಲ್ಲಿ ಕೇಳೋದೇನಿದೆ, ಅಪ್ಪನಿಗೆ ಮಾತ್ರ ನೀನೇ ಹೇಳು, ನೀನು ಹೇಳಿದ್ರೆ ಕೇಳ್ತಾರೆ. ನದಿಗೆ ಸೇತುವೆ ಕಟ್ಟುವ ಮಹಾನುಭಾವ, ಸ್ವಂತ ಅಪ್ಪನ ತನಕ ಒಂದು ಹಲಗೆ ಹಾಕಲಾರ.

ಹೇಳುವುದಕ್ಕೇನು, ಹೇಳಿದ್ದಳಲ್ಲ, ಬೆಳಗ್ಗೆ ಲೋಟ ಕೈಗೆ ಕೊಡುತ್ತ ಮೆಲ್ಲಗೆ, ಮಾವ, ಈ ಸಲ ಹೊಸದು ಹಾಕಿಸೋಣವಾ, ಮೆಕ್ಯಾನಿಕ್ ಸಂಜೆ ಆರರ ತನಕ ಇಟ್ಟಿರ್ತಾನಂತೆ, ನೀವೂ ದಣಿದಿದ್ದೀರಿ. ಮಾವ ಲೋಟ ಕೆಳಗಿಟ್ಟರು. ಪ್ಲಾಸ್ಟಿಕ್ಕಿನ ತಲೆ, ಅಲ್ಯೂಮಿನಿಯಂ ಹೊಟ್ಟೆ, ಅದನ್ನೂ ರೇಡಿಯೇಟರ್ ಅಂತಾರೇನಮ್ಮಾ, ಕೆಟ್ರೆ ಬಿಸಾಕೋದು, ಬಿಸಾಕೋದಕ್ಕೆ ಮೆಕ್ಯಾನಿಕ್ ಯಾಕೆ, ಕಸದ ಗಾಡಿಯವನೇ ಸಾಕು. ಅಂದು ತೂತು ಕಟ್ಟಿದೀನಿ, ನೀನೇ ನೋಡಿದೀಯ, ನೀರು ಸುಮ್ಮನಿತ್ತು, ಈಗ ಬೇರೆ ಕಡೆ ಬಿಟ್ಟಿರ್ಬೇಕು, ಹುಡುಕಿದ್ರೆ ಸಿಗತ್ತೆ. ನೀನೇ ನೋಡಿದೀಯ — ಇವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಎಲ್ಲ ಬಿಟ್ಟು ಕೆಲಸದ ಅಂಗಿ ತೊಟ್ಟು ಬಂದರು, ಕಿಡಿ ಬಿದ್ದು ತೂತಾದ ಅಂಗಿ, ಸಿಳ್ಳೆ ಹಾಕುತ್ತ ಬೆಸುಗೆಯ ಉರಿದೀಪ ಹೊತ್ತಿಸಿದರು, ಎಷ್ಟು ದಿನವಾಗಿತ್ತು ಆ ಸಿಳ್ಳೆ ಕೇಳಿ, ಒಂದು ಕಾಲದಲ್ಲಿ ಶೆಡ್ಡಿನ ಮುಂದೆ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು, ಈಗ ಇಲ್ಲಿಗೆ ಬರುವುದು ಇದೊಂದೇ, ಸೊಸೆಯ ವ್ಯಾನಿನದು, ಇದೂ ಬರದಿದ್ದರೆ ಈ ಬಾಗಿಲು ಯಾಕೆ ತೆಗೆಯಬೇಕು, ಈ ಅಂಗಿ ಯಾಕೆ ತೊಡಬೇಕು. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ಬಲಗಡೆಯೆಲ್ಲ ಹುಡುಕಿದರು, ಎಡಮೂಲೆಯನ್ನು ಒಂದು ಸಲ ಸವರಿ ಬಿಟ್ಟರು, ಅದು ಗಟ್ಟಿಯಿದೆ, ಅದಕ್ಕೆ ಗೀಟು ಬಿದ್ದಿದೆ. ಬಲಕ್ಕೆ ಬೆಸುಗೆ ಹಾಕಿದರು, ಕರಗಿದ ತವರ ತೂತು ಇಲ್ಲದ ಕಡೆಯೂ ಬಿತ್ತು, ನೆಲಕ್ಕೆ ಮೂರು ಹನಿ, ಚಪ್ಪಲಿಗೆ ಒಂದು. ಅತ್ತೆ ಇದ್ದಿದ್ದರೆ! ಕೊನೆಯ ವರ್ಷಗಳಲ್ಲಿ ಅತ್ತೆ ಒಂದು ಗುಟ್ಟು ಹೇಳಿದ್ದರು, ಬಟ್ಟೆ ಮಡಚುತ್ತ ಕೂತಿದ್ದಾಗ, ಸಣ್ಣ ಗುಳ್ಳೆ ಕಂಡ್ರೂ ನಾನು ಸುಮ್ಮನಿದೆ ಅಂದುಬಿಡ್ತೀನಿ ಕಣೇ, ಅವರು ಊಟ ಮಾಡಿ ಮಲಗಿದಾಗ ಬಂದು ನಾನೇ ಒಂದು ಚುಕ್ಕೆ ತವರ ಇಡ್ತೀನಿ, ಅವರಿಗೆ ಗೊತ್ತಾಗಲ್ಲ ಬಿಡು. ಇವಳು ನಕ್ಕಿದ್ದಳು. ಆ ಸುಳ್ಳನ್ನು ಕಲಿತಳು, ಚುಕ್ಕೆ ಇಡುವುದನ್ನು ಕಲಿಯಲಿಲ್ಲ. ಹಾಲು — ಒಲೆಯ ಮೇಲೆ ಹಾಲಿಟ್ಟಿದ್ದಳಲ್ಲ, ಆರಿಸಿದಳೇ, ಪುಟ್ಟೀ ಒಲೆ ನೋಡೇ, ಆಗಲೇ ಆರಿಸಿದೀನಮ್ಮಾ, ಒಳಗಿನಿಂದ ಮಗಳು, ಉಕ್ಕೋಕೆ ಮುಂಚೆನೇ. ಉಕ್ಕುವ ಮುಂಚೆ. ಹತ್ತು ವರ್ಷದ ಮಗುವಿಗೆ ಇರುವ ಬುದ್ಧಿ.

ನೀರು ನಿಂತಿತು. ಪಂಪು ಉಸ್. ನೆಂಟರೆಲ್ಲ ಹೋದರು. ಎಡಮೂಲೆಯಿಂದ ಗುಳ್ಳೆ ಬಂತು, ಕೊಳವೆಗಂಟಿಕೊಂಡು ಒಂದು ಕ್ಷಣ ಯೋಚಿಸುವಂತೆ ನಿಂತು, ಬಿಟ್ಟು, ಮೇಲೇರಿ ಒಡೆಯಿತು. ಇನ್ನೊಂದು. ನಿಂತಿತೇನಮ್ಮಾ? ಹೂಂ ಮಾವ. ಸುಮ್ಮನಿದೆ ಅಂದುಬಿಟ್ಟು ಗೀಟು ಹಾಕಿಸಿ, ಆಮೇಲೆ ಮೆಕ್ಯಾನಿಕ್ಕನ್ನು ಹಿಂದಿನ ಬೀದಿಗೆ ಕರೆಸಿ ಹೊಸದನ್ನು ಕೂರಿಸಿದರೆ — ಆದರೆ ಮಾವ ದಿನಾ ಸಂಜೆ ಬಾನೆಟ್ಟು ಎತ್ತಿ ಅದರ ನೆತ್ತಿ ಸವರುತ್ತಾರೆ, ಮಕ್ಕಳ ತಲೆ ಸವರುವಂತೆ, ಪ್ಲಾಸ್ಟಿಕ್ಕು ಕೈಗೆ ತಗುಲಿದರೆ ಇನ್ನೆಂದೂ ಇವಳ ಮುಖ ನೋಡಿ ಏನಮ್ಮಾ ಎನ್ನುವುದಿಲ್ಲ. ಸತ್ಯ ಹೇಳಿದರೆ ನಾಳೆಯಿಂದ ಆ ಅಂಗಿ ಮೊಳೆಯ ಮೇಲೇ ನೇತಾಡುತ್ತದೆ. ಹೇಳದಿದ್ದರೆ ಆ ಏರು ಇದೆ, ಧೂಳಿನಲ್ಲಿ ಎರಡು ಬೂಟಿನ ಗುರುತು ಇದೆ, ಮಾತ್ರೆ ಕೊಡ್ತೀರಾ ಆಂಟಿ. ಗುಳ್ಳೆ. ಈ ಬಾಯಿಯ ಮಾತಿಗೆ ಈಗ ಏನು ಬೆಲೆ, ಕೈ ನೀರಿಗೆ ಹೋಯಿತು, ಇನ್ನೊಂದು ಕೈ ತೊಟ್ಟಿಯ ಅಂಚಿನಲ್ಲಿದ್ದ ಮಾವನ ಕೈ ಹಿಡಿಯಿತು, ಏನಮ್ಮಾ ಇದು, ಬನ್ನಿ ಮಾವ, ಕಟ್ಟಳೆ ಮರೀಬೇಡ, ನೋಡೋದು ಬೇಡ ಮಾವ, ಮುಟ್ಟಿ. ನಡುಗುವ ಆ ತೋರುಬೆರಳನ್ನು ನೀರಿನೊಳಗೆ ಎಡಮೂಲೆಯ ತನಕ ನಡೆಸಿಕೊಂಡು ಹೋದಳು, ಮಗುವನ್ನು ರಸ್ತೆ ದಾಟಿಸುವಂತೆ. ನೀರಿನಲ್ಲಿ ಬೆರಳಿನ ನಡುಕ ನಿಂತಿತು, ವಿಚಿತ್ರ. ಪಂಪಿನ ಮೇಲಿನ ಕಾಲು ತಾನಾಗಿ ಒಂದು ಸಲ ಒತ್ತಿತು. ಬೆರಳ ತುದಿಗೆ ಗುಳ್ಳೆ ತಾಗಿದ್ದನ್ನು ಅವರ ಮುಖದಲ್ಲಿ ನೋಡಿದಳು. ಇದು ಹೊಸದಲ್ವಲ್ಲ, ಎಂದರು, ಇದು ಹಳೇ ಬೆಸುಗೆ, ಅದ್ರ ಕೆಳಗಿಂದ ಬರ್ತಿದೆ. ಅವರ ಹೆಬ್ಬೆರಳು ಇವಳ ಮಣಿಕಟ್ಟಿನ ಸುಟ್ಟ ಗಾಯದ ಮೇಲಿತ್ತು, ಅಲ್ಲೇ ನಿಂತಿತು. ಇದು ಒಲೆ ತಾಗಿದ್ದಲ್ಲ. ಅಲ್ಲ ಮಾವ. ಮಕ್ಕಳಿಗೆ? ಯಾರಿಗೂ ಏನೂ ಆಗಿಲ್ಲ. ಅವತ್ತೂ ಇತ್ತಾ ಇದು? ಇತ್ತು ಮಾವ, ಇಷ್ಟೇ ಇತ್ತು. ಮಾವ ಗಡಿಯಾರದ ಕಡೆ ಮುಖ ತಿರುಗಿಸಿದರು. ಆರಾಗಿಲ್ಲ ತಾನೆ, ಆ ಮೆಕ್ಯಾನಿಕ್ಕಿಗೆ ಫೋನ್ ಮಾಡು, ಬರಲಿ. ಇವಳು ಕೈ ತೆಗೆಯಹೋದಳು. ನಿಮ್ಮತ್ತೆನೂ ಸುಳ್ಳು ಹೇಳ್ತಿದ್ದಳು ಕಣಮ್ಮಾ, ಎಂದರು, ಸಿಟ್ಟಿಲ್ಲ, ಸುಮ್ಮನೆ ಹೇಳಿದಂತೆ, ಅವಳು ಇಟ್ಟ ಚುಕ್ಕೆ ನನಗೆ ಗೊತ್ತಾಗ್ತಿರ್ಲಿಲ್ವಾ, ನನ್ನದಕ್ಕಿಂತ ದುಂಡಗಿರ್ತಿತ್ತು, ಆದ್ರೆ ಅವಳು ತೂತು ಮುಚ್ಚಿ ಸುಳ್ಳು ಹೇಳ್ತಿದ್ದಳು. ನೀನು ಹಾಗೇ ಬಿಟ್ಟೆ. ಫೋನು ಒಳಗಿದೆ, ಹೋಗಬೇಕು, ಹೋಗುತ್ತಾಳೆ, ಮಾವ ಬೆರಳನ್ನು ಅಲ್ಲಿಂದ ತೆಗೆದಿಲ್ಲ, ಒತ್ತಿ ಹಿಡಿದಿದ್ದಾರೆ, ಬಿಗಿಯಾಗಿ, ಉಗುರು ಬೆಳ್ಳಗಾಗುವಷ್ಟು, ನೀರು ಸುಮ್ಮನಿದೆ, ಸುಮ್ಮನಿದೆ, ಆಮೇಲೆ ಬೆರಳ ಪಕ್ಕದಿಂದ, ಉಗುರಿನ ಅಂಚಿನಿಂದ, ಸಾಸಿವೆ ಕಾಳಿನಷ್ಟು, ಒಂದು.